ನುಡಿಸದ ಸ್ವರಗಳು

ನಿಂಟೆಂಡೊ ಕಂಪನಿ 1989ರಲ್ಲಿ ಹೊರತಂದ ಗೇಮ್ ಬಾಯ್ ಎಂಬ ಅಂಗೈಯಗಲದ ಯಂತ್ರದಲ್ಲಿ ಟೆಟ್ರಿಸ್ ಆಟ ಶುರುವಾಗುವ ಮೊದಲು ಒಂದು ಪ್ರಶ್ನೆ ಎದುರಾಗುತ್ತದೆ. ಎ, ಬಿ, ಸಿ ಎಂಬ ಮೂರು ಸಂಗೀತಗಳಲ್ಲಿ ಯಾವುದು ಬೇಕು, ಅಥವಾ ಯಾವುದೂ ಬೇಡವೇ? ಎ ಎಂದರೆ ‘ಕೊರೊಬೆಯ್ನಿಕಿ’ ಎಂಬ ರಷ್ಯದ ಜಾನಪದ ಗೀತೆ. ಟೆಟ್ರಿಸ್‌ನ ಹಾಡು ಎಂದು ಲೋಕವೆಲ್ಲ ಗುನುಗುವುದು ಅದನ್ನೇ. ಸಿ ಆಯ್ದವರಿಗೆ ಕೇಳುವುದು ಯೊಹಾನ್ ಸೆಬಾಸ್ಟಿಯನ್ ಬಾಖ್‌ನ ರಚನೆ. ‘ಫ್ರೆಂಚ್ ಸ್ವೀಟ್’ ಎಂದು ಹೆಸರಾದ ಅವನ ಆರು ನೃತ್ಯಮಾಲಿಕೆಗಳಲ್ಲಿ ಮೂರನೆಯದರ ಮಿನ್ಯುಯೆಟ್ ಅದು. ಬಣ್ಣವಿಲ್ಲದ ಪುಟ್ಟ ಪರದೆಯ ಮೇಲೆ ಇಟ್ಟಿಗೆಗಳು ಇಳಿಯುತ್ತಿರುತ್ತವೆ. ಮೂರು ಎಣಿಕೆಯ ಆಸ್ಥಾನ ನೃತ್ಯವೊಂದು ಅವುಗಳ ಜೊತೆಗೆ ತನ್ನ ಪಾಡಿಗೆ ಸಾಗುತ್ತಿರುತ್ತದೆ.

ಆ ಮಾಲಿಕೆಗಳ ಮೂಲ ಒಂದು ಮನೆಬಳಕೆಯ ಪುಸ್ತಕದಲ್ಲಿದೆ. ಬಾಖ್ 1721ರ ಡಿಸೆಂಬರಿನಲ್ಲಿ, ಜರ್ಮನಿಯ ಕ್ಯೋಥೆನ್ ಎಂಬ ಸಣ್ಣ ಆಸ್ಥಾನದ ಊರಿನಲ್ಲಿ, ಎರಡನೆಯ ಮದುವೆಯಾದ. ಮದುಮಗಳು ಅನ್ನಾ ಮಗ್ಡಲೇನಾಗೆ ಆಗ ಇಪ್ಪತ್ತು ವರ್ಷ. ಅದೇ ಆಸ್ಥಾನದ ಗಾಯಕಿ. ಮರುವರ್ಷ ಅವಳಿಗೆಂದು ಅವನು ಒಂದು ಕೈಬರಹದ ಸಂಗೀತ ಪುಸ್ತಕ ಶುರು ಮಾಡಿದ. ಆರರಲ್ಲಿ ಮೊದಲ ಐದು ಮಾಲಿಕೆಗಳು ಅದರಲ್ಲಿವೆ. ಸಭೆಗಾಗಿಯೂ ಅಲ್ಲ, ಚರ್ಚಿಗಾಗಿಯೂ ಅಲ್ಲ, ಮನೆಯ ಹೆಣ್ಣುಮಗಳೊಬ್ಬಳು ಬಿಡುವಾದಾಗ ಕೂತು ನುಡಿಸಲೆಂದು ಬರೆದ ಸಂಗೀತ. ಅದು ಕೋಟಿಗಟ್ಟಲೆ ಮಕ್ಕಳ ಕೈಯೊಳಗಿನ ಆಟಿಕೆಗೆ ಬಂದು ಸೇರಿತು ಎಂದು ತಿಳಿದಾಗ ನನಗಾದದ್ದು ಸಂತೋಷ. ವಿಸ್ಮಯ ಬಂದದ್ದು ಆಮೇಲೆ, ಆ ಯಂತ್ರದ ಒಳಗೆ ಏನಿತ್ತು, ಏನಿರಲಿಲ್ಲ ಎಂದು ಗೊತ್ತಾದ ಮೇಲೆ.

ಗೇಮ್ ಬಾಯ್‌ಗೆ ನಾಲ್ಕೇ ದನಿಗಳು. ಎರಡು ದನಿಗಳು ‘ಪಲ್ಸ್’ ಎಂಬ ಚೌಕಾಕಾರದ ತರಂಗದವು; ಹೊಳಪಾಗಿ, ಸ್ವಲ್ಪ ಗೊಗ್ಗರಾಗಿ ಕೇಳುತ್ತವೆ. ಮೂರನೆಯದಕ್ಕೆ ಸಂಗೀತಗಾರನೇ 32 ಬಿಂದುಗಳಲ್ಲಿ ತರಂಗದ ಆಕಾರ ಬರೆದುಕೊಡಬಹುದು. ನಾಲ್ಕನೆಯದು ಬರೀ ಗದ್ದಲ, ತಾಳದ ಪೆಟ್ಟಿಗೆ ಒದಗುವಂಥದು. ಒಂದೊಂದು ದನಿಯೂ ಒಂದು ಸಲಕ್ಕೆ ಒಂದೇ ಸ್ವರ ನುಡಿಸಬಲ್ಲುದು. ಈ ಧ್ವನಿಯಂತ್ರವನ್ನು ರೂಪಿಸುವುದರಲ್ಲಿ ಕೈಯಿದ್ದ ಹಿರೋಕಾಝು ತನಾಕಾ ಅವರೇ ಟೆಟ್ರಿಸ್‌ನ ಸಂಗೀತವನ್ನೂ ಅದಕ್ಕೆ ಹೊಂದಿಸಿದವರು. ‘ಮೆಟ್ರಾಯ್ಡ್’ ಆಟಕ್ಕೆ ವಿಚಿತ್ರವಾದ, ನಿರ್ಜನ ಗುಹೆಯಂಥ ಸಂಗೀತ ಕೊಟ್ಟವರೂ ಅವರೇ. ಯಂತ್ರದ ಎಲುಬು ಎಲುಬೂ ಬಲ್ಲವನ ಕೈ ಬಾಖ್‌ನ ಕಡೆಗೆ ಚಾಚಿತು ಎಂಬುದರಲ್ಲಿ ನನಗೆ ಆಕಸ್ಮಿಕ ಕಾಣುವುದಿಲ್ಲ.

ಏಕೆಂದರೆ ಆ ಮಿನ್ಯುಯೆಟ್ ಕೂಡ ಬಹುಪಾಲು ಎರಡೇ ದನಿಗಳ ರಚನೆ. ಬಲಗೈ ಓಡುತ್ತದೆ, ಎಡಗೈ ನಡೆಯುತ್ತದೆ. ನಡುವೆ ತುಂಬುವುದಕ್ಕೆ ಬೇರೆ ಯಾರೂ ಇಲ್ಲ. ಅದನ್ನು ನುಡಿಸುವ ಹಾರ್ಪ್ಸಿಕಾರ್ಡ್‌ನಲ್ಲಿ ಕೀ ಒತ್ತಿದರೆ ಹಕ್ಕಿಗರಿಯ ಒಂದು ಮುಳ್ಳು ತಂತಿಯನ್ನು ಮೀಟುತ್ತದೆ. ಬೆರಳು ಜೋರಾಗಿ ಒತ್ತಲಿ, ಮೆಲ್ಲಗೆ ಒತ್ತಲಿ, ಶಬ್ದ ಹೆಚ್ಚುಕಡಿಮೆ ಅಷ್ಟೇ. ಹೀಗಾಗಿ ಆ ಕಾಲದವರು ಭಾವವನ್ನು ಶಬ್ದದ ಏರಿಳಿತಕ್ಕೆ ಒಪ್ಪಿಸಿ ಕೂರುವಂತಿರಲಿಲ್ಲ. ಯಾವ ಸ್ವರ ಯಾವ ಸ್ವರವನ್ನು ಎಲ್ಲಿ ಸಂಧಿಸುತ್ತದೆ, ಎಲ್ಲಿ ಘರ್ಷಿಸುತ್ತದೆ, ಎಲ್ಲಿ ದಾರಿ ಬಿಡುತ್ತದೆ ಎಂಬುದರಲ್ಲೇ ಎಲ್ಲವನ್ನೂ ಇಡಬೇಕಿತ್ತು. ಗೇಮ್ ಬಾಯ್‌ನ ಧ್ವನಿಚಿಪ್ಪಿಗೆ ಬರೆಯುವವನ ಪರಿಸ್ಥಿತಿಯೂ ಅದೇ. ವಾದ್ಯದ ನಾದಸೌಂದರ್ಯ ಅವನ ನೆರವಿಗೆ ಬರುವುದಿಲ್ಲ. ಬಿಲ್ಲಿನ ಎಳೆತ ಇಲ್ಲ, ಉಸಿರಿನ ಬಿಸಿ ಇಲ್ಲ. ಗೆರೆಗಳಷ್ಟೇ ಉಳಿದಿವೆ. ಗೆರೆಗಳಲ್ಲೇ ನಿಲ್ಲಬಲ್ಲ ಸಂಗೀತ ಮಾತ್ರ ಅಲ್ಲಿ ಬದುಕುತ್ತದೆ.

ಒಂದೇ ರಾಗದ ಎಳೆಯನ್ನು ಶ್ರುತಿಯ ಮೇಲೆ ಹಿಂಬಾಲಿಸಿ ಬೆಳೆದ ಕಿವಿ ನನ್ನದು. ಎರಡು ಗೆರೆಗಳು ಒಟ್ಟಿಗೇ ಹೊರಟರೆ ಯಾವುದರ ಹಿಂದೆ ಹೋಗಲಿ ಎಂಬ ತಬ್ಬಿಬ್ಬು ಮೊದಮೊದಲು ಸಹಜ. ಆಮೇಲೆ ಒಂದು ದಿನ ಕಿವಿ ತಾನೇ ಕಲಿತುಬಿಡುತ್ತದೆ: ಮೇಲಿನ ದನಿಯನ್ನು ಹಿಡಿದುಕೊಂಡೇ ಕೆಳಗಿನದರ ನಡೆಯನ್ನೂ ಬಲ್ಲದು. ಇಷ್ಟಕ್ಕೇ ಆಶ್ಚರ್ಯಪಡಬಹುದು. ಆದರೆ ಬಾಖ್ ಇನ್ನೂ ಮುಂದೆ ಹೋದ. 1720ನೇ ಇಸವಿ ನಮೂದಾಗಿರುವ ಅವನ ಹಸ್ತಪ್ರತಿಯೊಂದರಲ್ಲಿ ಒಂಟಿ ಪಿಟೀಲಿಗೆ ಬರೆದ ಆರು ಕೃತಿಗಳಿವೆ, ಮೂರು ಸೊನಾಟಾ, ಮೂರು ಪಾರ್ಟೀಟಾ. ಜೊತೆಗೆ ಮಂದ್ರವಾದ್ಯ ಬೇಡ ಎಂದು ಅವನೇ ಮುಖಪುಟದಲ್ಲಿ ಬರೆದಿದ್ದಾನೆ. ಅವುಗಳಲ್ಲಿ ಎಷ್ಟೋ ಕಡೆ ಪಿಟೀಲು ನುಡಿಸುತ್ತಿರುವುದು ಒಂದು ಸಲಕ್ಕೆ ಒಂದೇ ಸ್ವರ. ಕೆಳಗೊಂದು ಸ್ವರ ಮುಟ್ಟಿ, ಮೇಲಕ್ಕೆ ಹಾರಿ ಅಲ್ಲಿ ನಾಲ್ಕು ಸ್ವರ ನುಡಿಸಿ, ಮತ್ತೆ ಕೆಳಗಿಳಿದು ಮೊದಲಿನದರ ಪಕ್ಕದ ಸ್ವರ ಮುಟ್ಟುತ್ತದೆ. ಕೇಳುವವನ ಕಿವಿ ಕೆಳಗಿನ ಆ ಬಿಡಿ ಸ್ವರಗಳನ್ನು ಒಂದಕ್ಕೊಂದು ಪೋಣಿಸಿ, ಅಲ್ಲಿ ಬಿಡುವಿಲ್ಲದೆ ನಡೆಯುತ್ತಿರುವ ಇನ್ನೊಂದು ದನಿ ಇದೆಯೆಂದೇ ನಂಬುತ್ತದೆ. ವೇದಿಕೆಯ ಮೇಲೆ ಇರುವವರು ಒಬ್ಬರು. ಕೇಳಿಸುತ್ತಿರುವವರು ಇಬ್ಬರು, ಕೆಲವೊಮ್ಮೆ ಮೂವರು.

ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಆಲ್ಬರ್ಟ್ ಬ್ರೆಗ್‌ಮನ್ ಕಿವಿಯ ಈ ಕೆಲಸವನ್ನೇ ದಶಕಗಳ ಕಾಲ ಅಭ್ಯಾಸ ಮಾಡಿ 1990ರಲ್ಲಿ ಒಂದು ದೊಡ್ಡ ಗ್ರಂಥ ಬರೆದರು. ಮೇಲಿನ ಮತ್ತು ಕೆಳಗಿನ ಸ್ವರಗಳು ಒಂದಾದ ಮೇಲೊಂದು ವೇಗವಾಗಿ ಬರುತ್ತಿದ್ದರೆ, ಒಂದು ಹಂತದ ನಂತರ ನಮಗೆ ಜಿಗಿಯುವ ಒಂದು ರಾಗ ಕೇಳುವುದಿಲ್ಲ. ಮೇಲೊಂದು, ಕೆಳಗೊಂದು, ಹೀಗೆ ಎರಡು ಹೊಳೆಗಳಾಗಿ ಅದು ಒಡೆಯುತ್ತದೆ. ಕಾಡಿನಲ್ಲಿ, ಸಂತೆಯಲ್ಲಿ, ಬೆರೆತುಬರುವ ಸದ್ದುಗಳನ್ನು ಇದು ಹಕ್ಕಿ, ಇದು ನೀರು, ಇದು ಮನುಷ್ಯ ಎಂದು ಬಿಡಿಸಿಕೊಳ್ಳಲು ಇರುವ ಶಕ್ತಿ ಇದು. ಈ ಶಕ್ತಿಯ ಬಗ್ಗೆ ಒಂದು ಪ್ರಯೋಗಶಾಲೆಯೂ ಇಲ್ಲದಿದ್ದ ಕಾಲದಲ್ಲಿ, ಒಂಟಿ ಪಿಟೀಲಿನ ನಾಲ್ಕು ತಂತಿಗಳ ಮೇಲೆ, ಬಾಖ್ ಅದನ್ನು ಹೀಗೆ ದುಡಿಸಿಕೊಂಡ.

ಇದೇ ಯುಕ್ತಿ 1980ರ ದಶಕದಲ್ಲಿ ಮತ್ತೆ ಹುಟ್ಟಿತು. ಕಮೊಡೋರ್ 64 ಎಂಬ ಮನೆಗಣಕ 1982ರಲ್ಲಿ ಬಂತು. ಬಾಬ್ ಯಾನಿಸ್ ರೂಪಿಸಿದ ಅದರ ಧ್ವನಿಚಿಪ್ಪಿಗೆ ಮೂರೇ ದನಿ. ಒಂದು ದನಿ ತಾಳಕ್ಕೆ, ಒಂದು ಮಂದ್ರಕ್ಕೆ, ಒಂದು ರಾಗಕ್ಕೆ ಕೊಟ್ಟರೆ ಮುಗಿಯಿತು. ಮೂರು ಸ್ವರಗಳ ಸ್ವರಮೇಳ ಬೇಕೆಂದರೆ ಎಲ್ಲಿಂದ ತರುವುದು? ಆಟಗಳಿಗೆ ಸಂಗೀತ ಬರೆಯುತ್ತಿದ್ದ ಹುಡುಗರು ಒಂದೇ ದನಿಗೆ ಆ ಮೂರು ಸ್ವರಗಳನ್ನು ಸರದಿಯ ಮೇಲೆ ಉಣಿಸಿದರು, ಸೆಕೆಂಡಿಗೆ ಐವತ್ತು ಸಲ ಬದಲಾಗುವಂತೆ. ಕೇಳುವವನಿಗೆ ಮೂರೂ ಸ್ವರ ಒಟ್ಟಿಗೇ ಮಿನುಗುತ್ತಿರುವಂತೆ ಕೇಳಿಸಿತು. ಬ್ರಿಟನ್ನಿನ ಮಾರ್ಟಿನ್ ಗಾಲ್ವೇ ಇದರಲ್ಲಿ ನಿಸ್ಸೀಮ. ಪ್ರಸಿದ್ಧ ಕೊಳಲುವಾದಕ ಜೇಮ್ಸ್ ಗಾಲ್ವೇ ಅವರ ಸಂಬಂಧದ ಹುಡುಗ. ಒಬ್ಬರು ಒಂದೇ ಸ್ವರ ಊದುವ ವಾದ್ಯವನ್ನು ಲೋಕಮಾನ್ಯ ಮಾಡಿದರೆ, ಅದೇ ಮನೆತನದ ಇನ್ನೊಬ್ಬರು ಚಿಪ್ಪಿನ ಒಂದೇ ದನಿಯಿಂದ ಸ್ವರಮೇಳ ಹೊಮ್ಮಿಸಿದರು.

ಚೆನ್ನಾಗಿ ಶ್ರುತಿಗೂಡಿದ ತಂಬೂರಿಯಲ್ಲಿ ಗಾಂಧಾರ ಕೇಳುತ್ತದೆ ಎಂದು ನಮ್ಮ ಸಂಗೀತದವರು ಹೇಳುತ್ತಾರೆ. ಸ್ವಯಂಭೂ ಗಾಂಧಾರ. ಮೀಟುವುದು ಷಡ್ಜ ಪಂಚಮಗಳನ್ನಷ್ಟೇ. ಗಾಂಧಾರದ ತಂತಿಯೇ ಅಲ್ಲಿಲ್ಲ. ಭೌತಶಾಸ್ತ್ರ ಅದನ್ನು ವಿವರಿಸುತ್ತದೆ: ಷಡ್ಜದ ತಂತಿ ಕಂಪಿಸುವಾಗ ಅದರ ಐದನೇ ಭಾಗಗಳೂ ಕಂಪಿಸುತ್ತವೆ, ಅದೇ ಗಾಂಧಾರ. ಅಂದರೆ ಅದು ತಂತಿಯಲ್ಲಿ ನಿಜವಾಗಿಯೂ ಇದೆ. ಬಾಖ್‌ನ ಎರಡನೆಯ ದನಿ ಹಾಗಲ್ಲ, ಅದು ಪಿಟೀಲಿನಲ್ಲೂ ಇಲ್ಲ, ಗಾಳಿಯಲ್ಲೂ ಇಲ್ಲ. ಕೇಳುವವನಲ್ಲಿ ಮಾತ್ರ ಇದೆ. ಈ ವ್ಯತ್ಯಾಸದ ಎದುರು ನಾನು ಬಹಳ ಹೊತ್ತು ನಿಂತಿದ್ದೇನೆ. ಯಾರೂ ನುಡಿಸದ ಒಂದು ಗೆರೆ, ಕ್ಯೋಥೆನ್‌ನಲ್ಲಿ ಒಬ್ಬ ಬರೆದದ್ದಕ್ಕೆ ಸರಿಯಾಗಿ, ಅವನನ್ನು ಕಾಣದ ಯಾರದೋ ತಲೆಯಲ್ಲಿ, ಪ್ರತಿ ಸಲವೂ ಅದೇ ಜಾಗದಲ್ಲಿ ಹುಟ್ಟುತ್ತದೆ.

ಆಟದಂಗಡಿಗಳ ಗದ್ದಲಕ್ಕೂ ಬಾಖ್ ಹೋಗಿದ್ದಾನೆ. ಕೊನಾಮಿ ಕಂಪನಿಯ ‘ಜೈರಸ್’ 1983ರದು. ನೆಪ್ಚೂನ್‌ನಿಂದ ಭೂಮಿಯವರೆಗೆ ಒಂದೊಂದೇ ಗ್ರಹ ದಾಟಿಕೊಂಡು ಬರುವ ಆ ಬಾಹ್ಯಾಕಾಶ ಕಾದಾಟದ ಹಿನ್ನೆಲೆಯಲ್ಲಿ, ಡಿ ಮೈನರ್‌ನ ‘ಟೊಕಾಟಾ ಮತ್ತು ಫ್ಯೂಗ್’ ತಾಳವಾದ್ಯದ ಪೆಟ್ಟುಗಳ ಮೇಲೆ ಓಡುತ್ತದೆ. ಚರ್ಚಿನ ಆರ್ಗನ್‌ಗೆಂದು ಎಲ್ಲರೂ ಬಲ್ಲ ಕೃತಿ. ಇದು ಮೂಲದಲ್ಲಿ ಒಂಟಿ ಪಿಟೀಲಿನದಾಗಿದ್ದಿರಬಹುದು ಎಂದು ವಾದಿಸಿದ ವಿದ್ವಾಂಸರಿದ್ದಾರೆ; ಬಾಖ್‌ನದೇ ಅಲ್ಲ ಎಂದವರೂ ಇದ್ದಾರೆ. ಆದರೂ ಅದರ ಮೊದಲ ಮೂರು ಸ್ವರ ಕೇಳಿದರೆ ಸಾಕು, ಎಷ್ಟೇ ಗಲಾಟೆಯ ನಡುವೆಯೂ ತಲೆ ಅತ್ತ ತಿರುಗುತ್ತದೆ. ಇನ್ನು ನಿಜವಾದ ಬಾಹ್ಯಾಕಾಶ. ರಷ್ಯದ ಗಗನಯಾತ್ರಿ ಅಲೆಕ್ಸಾಂದರ್ ಸೆರೆಬ್ರೋವ್ 1993ರಲ್ಲಿ ಮೀರ್ ನಿಲ್ದಾಣಕ್ಕೆ ಹೋಗುವಾಗ ಗೇಮ್ ಬಾಯ್ ಮತ್ತು ಟೆಟ್ರಿಸ್ ಒಯ್ದಿದ್ದರು. ಅಲ್ಲಿ ಅವರು ಇದ್ದದ್ದು ಆರು ತಿಂಗಳಿಗೂ ಹೆಚ್ಚು. ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತಿದ್ದ ಆ ಮನೆಯಲ್ಲಿ, ಬೆರಳುಗುರಿನಷ್ಟು ಸಣ್ಣ ಚಿಪ್ಪಿನೊಳಗೆ ಮಿನ್ಯುಯೆಟ್ ಕೂಡ ಇತ್ತು.

ಹಳೆಯ ಸಂಗೀತ ಆಟಗಳಿಗೆ ಬಂದದ್ದಕ್ಕೆ ಸರಳವಾದ ಇನ್ನೊಂದು ಕಾರಣವೂ ಉಂಟು: ಅದಕ್ಕೆ ಹಣ ಕೊಡಬೇಕಿಲ್ಲ. ಸತ್ತು ಬಹಳ ಕಾಲವಾದವರ ಕೃತಿಗಳಿಗೆ ಹಕ್ಕುಸ್ವಾಮ್ಯವಿಲ್ಲ. ಸಂಗೀತಗಾರ ಕೊಜಿ ಕೊಂಡೊ 1986ರ ‘ದ ಲೆಜೆಂಡ್ ಆಫ್ ಜೆಲ್ಡಾ’ ಆಟದ ಮೊದಲ ಪರದೆಗೆ ಫ್ರಾನ್ಸಿನ ರಾವೆಲ್‌ನ ‘ಬೊಲೆರೊ’ ಬಳಸಬೇಕೆಂದಿದ್ದರು. ರಾವೆಲ್ ತೀರಿಕೊಂಡದ್ದು 1937ರಲ್ಲಿ. ಹಕ್ಕು ಇನ್ನೂ ಮುಗಿದಿರಲಿಲ್ಲ. ಗಡುವು ಹತ್ತಿರವಿತ್ತು. ಕೊಂಡೊ ಅವಸರದಲ್ಲಿ ತಾವೇ ಒಂದು ರಾಗ ಕಟ್ಟಿದರು, ಅದು ಇವತ್ತಿಗೂ ಆ ಆಟದ ಗುರುತು. ಕಾನೂನು ಅಡ್ಡ ಬಂದದ್ದು ಒಳ್ಳೆಯದಾಯಿತು ಎಂದೇ ನನಗನಿಸುತ್ತದೆ. ‘ಬೊಲೆರೊ’ದ ಪ್ರಾಣ ಇರುವುದು ವಾದ್ಯಗಳ ಬಣ್ಣದಲ್ಲಿ. ಒಂದೇ ರಾಗ ಕೊಳಲಿನಿಂದ ಕ್ಲಾರಿನೆಟ್‌ಗೆ, ಅಲ್ಲಿಂದ ಇನ್ನೊಂದಕ್ಕೆ ದಾಟುತ್ತ, ಪಿಸುಮಾತಿನಿಂದ ಇಡೀ ಆರ್ಕೆಸ್ಟ್ರಾದ ಅಬ್ಬರದವರೆಗೆ ಹದಿನೈದು ನಿಮಿಷ ಏರುತ್ತದೆ. ಆ ಬಣ್ಣವನ್ನೂ ಏರಿಕೆಯನ್ನೂ ಕಿತ್ತುಕೊಂಡು ಚೌಕ ತರಂಗಕ್ಕೆ ಕೊಟ್ಟರೆ ಉಳಿಯುವುದು ಬಡಕಲು. ಶ್ರೇಷ್ಠ ಸಂಗೀತವೆಲ್ಲ ಚಿಪ್ಪಿಗೆ ಒಗ್ಗುವುದಿಲ್ಲ. ನಿಂಟೆಂಡೊದ ಮನೆಯಂತ್ರದ ಟೆಟ್ರಿಸ್‌ನಲ್ಲಿ ಚೈಕೋವ್‌ಸ್ಕಿಯ ‘ನಟ್‌ಕ್ರ್ಯಾಕರ್’ ಬ್ಯಾಲೆಯ ಸಕ್ಕರೆ ಯಕ್ಷಿಣಿಯ ನೃತ್ಯ ಇದೆ. 1892ರ ಆ ಬ್ಯಾಲೆಗೆಂದು ಚೈಕೋವ್‌ಸ್ಕಿ ಪ್ಯಾರಿಸ್ಸಿನಿಂದ ಸೆಲೆಸ್ಟಾ ಎಂಬ ಹೊಚ್ಚಹೊಸ ವಾದ್ಯ ತರಿಸಿದ್ದ. ಬೇರೆ ರಚನಕಾರರಿಗೆ ಸುಳಿವು ಸಿಗದಂತೆ ಗುಟ್ಟಾಗಿಡಲು ತನ್ನ ಪ್ರಕಾಶಕನಿಗೆ ಬರೆದಿದ್ದ. ಆ ಗಂಟೆಯಂಥ ನಾದಕ್ಕೆ ಚಿಪ್ಪಿನ ಚುಕ್ಕಿಚುಕ್ಕಿ ಸ್ವರ ಚೆನ್ನಾಗಿಯೇ ಹೊಂದುತ್ತದೆ. ಇಷ್ಟಾದರೂ ಅಲ್ಲಿ ಕೇಳಿ ಸಂತೋಷಪಡುತ್ತೇನೆ, ಬಾಖ್‌ನಲ್ಲಿ ಆದಂತೆ ಬೆರಗಾಗುವುದಿಲ್ಲ.

ಆಟದ ಸಂಗೀತಕ್ಕೂ ಕಛೇರಿಯ ಸಂಗೀತಕ್ಕೂ ಇರುವ ದೊಡ್ಡ ಅಂತರ ಕಾಲದ್ದು. ಆಡುವವನು ಒಂದು ಬಾಗಿಲ ಮುಂದೆ ಹತ್ತು ಸೆಕೆಂಡು ನಿಲ್ಲುತ್ತಾನೋ ಅರ್ಧ ಗಂಟೆಯೋ ಯಾರು ಬಲ್ಲರು? ಸಂಗೀತ ಅವನಿಗೆ ಕಾಯಬೇಕು. ಯಕ್ಷಗಾನದ ಭಾಗವತರು ವೇಷಧಾರಿಯ ಹೆಜ್ಜೆಯನ್ನೇ ನೋಡುತ್ತ ಪದವನ್ನು ಹಿಗ್ಗಿಸಿ ಕುಗ್ಗಿಸುವುದನ್ನು ಕಂಡವರಿಗೆ ಈ ಕಷ್ಟ ತಕ್ಷಣ ತಿಳಿಯುತ್ತದೆ. ಯಂತ್ರಕ್ಕೆ ಹಾಗೆ ನೋಡುವ ಕಣ್ಣಿಲ್ಲದಿದ್ದಾಗ ಅದು ಮಾಡಿದ್ದು ಒಂದೇ, ಕೊನೆಯಿಂದ ಮತ್ತೆ ಮೊದಲಿಗೆ ಹೋಗುವುದು. ನೂರು ಸಲ ಸುತ್ತಿದರೂ ಬೇಸರವಾಗದಂತೆ ಬರೆಯುವುದು ಹೇಗೆ ಎಂಬ ಪ್ರಶ್ನೆಯನ್ನು ಬಾಖ್‌ನ ಬರೋಕ್ ಕಾಲದವರು ಆಗಲೇ ಕೈಗೆತ್ತಿಕೊಂಡಿದ್ದರು. ಪಾಖೆಲ್‌ಬೆಲ್‌ನ ಪ್ರಸಿದ್ಧ ‘ಕ್ಯಾನನ್’ನಲ್ಲಿ ಎಂಟು ಮಂದ್ರ ಸ್ವರಗಳ ಒಂದೇ ಸಾಲು 28 ಸಲ ಮರಳುತ್ತದೆ, ಅದರ ಮೇಲೆ ಮೂರು ಪಿಟೀಲುಗಳು ಒಂದರ ಹಿಂದೊಂದು ಅದೇ ರಾಗ ಹಿಡಿದು ಹೊರಡುತ್ತವೆ. ಬಾಖ್ 1747ರಲ್ಲಿ ಪ್ರಷ್ಯದ ದೊರೆ ಫ್ರೆಡರಿಕ್‌ಗೆ ಅರ್ಪಿಸಿದ ‘ಸಂಗೀತ ಕಾಣಿಕೆ’ಯಲ್ಲಿ ಕೊನೆಯೇ ಇಲ್ಲದ ಕ್ಯಾನನ್‌ಗಳಿವೆ. ಒಂದು ಕ್ಯಾನನ್ ಪ್ರತಿ ಸುತ್ತಿಗೂ ಒಂದು ಪೂರ್ಣಸ್ವರದಷ್ಟು ಮೇಲೇರುತ್ತದೆ. ಆರು ಸುತ್ತು ಹಾಕಿದರೆ ಹೊರಟ ಶ್ರುತಿಗೇ ಬಂದಿರುತ್ತದೆ. ಕೆಲವನ್ನು ಅವನು ಪೂರ್ತಿ ಬರೆಯಲೂ ಇಲ್ಲ. ಒಂದೇ ಗೆರೆ ಕೊಟ್ಟು, ಎರಡನೇ ದನಿ ಎಲ್ಲಿ, ಹೇಗೆ ಸೇರಬೇಕೆಂದು ನೀವೇ ಹುಡುಕಿ ಎಂದು ಒಗಟಿಟ್ಟ. ಬಿಡಿಸಿದವನಿಗೆ ಸಂಗೀತ ಸಿಗುತ್ತದೆ.

ಒಗಟಿನಿಂದ ದಾಳಕ್ಕೆ ದೂರವೇನಿಲ್ಲ. ಬಾಖ್‌ನ ಶಿಷ್ಯ ಕಿರ್ನ್‌ಬರ್ಗರ್ 1757ರಲ್ಲಿ ಒಂದು ಪುಸ್ತಕ ಪ್ರಕಟಿಸಿದ. ದಾಳ ಹಾಕಿ, ಬಿದ್ದ ಸಂಖ್ಯೆಗೆ ತಕ್ಕ ಸ್ವರಖಂಡವನ್ನು ಪಟ್ಟಿಯಿಂದ ಆಯ್ದು ಜೋಡಿಸುತ್ತ ಹೋದರೆ, ಸಂಗೀತದ ಗಂಧವಿಲ್ಲದವನೂ ಒಂದು ಮಿನ್ಯುಯೆಟ್ ಕಟ್ಟಬಹುದು. ಟೆಟ್ರಿಸ್‌ನಲ್ಲಿ ಮುಂದೆ ಯಾವ ಇಟ್ಟಿಗೆ ಬೀಳುತ್ತದೆ ಎಂಬುದೂ ದಾಳದ ಕೈಯಲ್ಲೇ ಇದೆ, ಅದನ್ನು ಎಲ್ಲಿ ಕೂರಿಸಬೇಕೆಂಬುದು ಆಡುವವನ ಕೈಯಲ್ಲಿ. ಗುರುವಿನ ಮಿನ್ಯುಯೆಟ್ ಅಂಥದೊಂದು ಆಟದ ಒಳಗೆ ಹೋಗಿ ಕೂತದ್ದನ್ನು ಕಿರ್ನ್‌ಬರ್ಗರ್ ಕಂಡಿದ್ದರೆ ಅಚ್ಚರಿಪಡುತ್ತಿದ್ದನೋ ಇಲ್ಲವೋ. ಅವನಿಗೆ ಅದು ತೀರ ಸಹಜವಾಗಿ ಕಂಡಿದ್ದರೂ ಕಂಡೀತು ಎನ್ನಿಸುತ್ತದೆ.

ಆಮೇಲೆ ಸಿ.ಡಿ. ಬಂತು, ಬಡತನ ತೀರಿತು. ಯಾವ ವಾದ್ಯವನ್ನಾದರೂ, ಯಾವ ಮೇಳವನ್ನಾದರೂ ಇದ್ದಂತೆಯೇ ಆಟದೊಳಗೆ ಇಡಬಹುದಾಯಿತು. 2005ರ ‘ಸಿವಿಲೈಸೇಷನ್ 4’ರಲ್ಲಿ ಯುಗ ಬದಲಾದಂತೆ ಸಂಗೀತವೂ ಬದಲಾಗುತ್ತ, ಬಾಖ್, ಬೀಥೋವನ್, ಕೊನೆಗೆ ನಮ್ಮ ಕಾಲದ ಜಾನ್ ಆಡಮ್ಸ್‌ವರೆಗೆ ಬರುತ್ತದೆ. 2007ರ ‘ಬಯೋಶಾಕ್’ನಲ್ಲಿ ತಲೆಕೆಟ್ಟ ಕಲಾವಿದನೊಬ್ಬ ಕೊಲೆಗಡುಕರನ್ನು ಆಟಗಾರನ ಮೇಲೆ ಬಿಟ್ಟು ಚೈಕೋವ್‌ಸ್ಕಿಯ ಹೂಗಳ ವಾಲ್ಟ್ಜ್ ಹಾಕುತ್ತಾನೆ, ಮೈ ನಡುಗುತ್ತದೆ. ಇವು ಜಾಣತನದ ಬಳಕೆಗಳು, ಸಿನಿಮಾದಿಂದ ಬಂದ ಜಾಣತನ. ನನ್ನನ್ನು ಹೆಚ್ಚು ಹಿಡಿದು ನಿಲ್ಲಿಸುವುದು ಮಿಚಿರು ಯಮಾನೆ ಅವರು 1997ರ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದ ನೈಟ್’ಗೆ ಬರೆದ ‘ವುಡ್ ಕಾರ್ವಿಂಗ್ ಪಾರ್ಟೀಟಾ’. ಗಿಟಾರಿನ ಅಬ್ಬರವೂ ಇರುವ ಆಟ ಅದು. ಪಾಳು ಕೋಟೆಯ ಗ್ರಂಥಾಲಯಕ್ಕೆ ಕಾಲಿಟ್ಟೊಡನೆ ಅಲ್ಲಿ ಹಾರ್ಪ್ಸಿಕಾರ್ಡ್ ಶುರುವಾಗುತ್ತದೆ. ಮೂರು ದನಿಯ ಕಟ್ಟುಪಾಡು ಯಾರೂ ಹಾಕಿರಲಿಲ್ಲ. ಆದರೂ ಅವರು ಗೆರೆಗಳನ್ನೇ ನೆಚ್ಚಿದರು, ಒಂದು ಗೆರೆ ಇನ್ನೊಂದರ ಬೆನ್ನು ಹತ್ತುವ ಹಳೆಯ ಸುಖವನ್ನೇ ಆರಿಸಿಕೊಂಡರು.

ಕೊಯಿಚಿ ಸುಗಿಯಾಮಾ ಈ ದಾರಿಯನ್ನು ಎದುರು ದಿಕ್ಕಿನಿಂದ ನಡೆದವರು. 1986ರಲ್ಲಿ ‘ಡ್ರ್ಯಾಗನ್ ಕ್ವೆಸ್ಟ್’ಗೆ ಸಂಗೀತ ಬರೆಯುವಾಗ ಅವರಿಗೆ ಐವತ್ತು ದಾಟಿತ್ತು, ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದಲ್ಲಿ ಮುಳುಗಿದ್ದ ಮನುಷ್ಯ. ದೊರೆಯ ಕೋಟೆಯೊಳಗೆ ಹೋದಾಗ ಕೇಳುವ ಸಂಗೀತವನ್ನು ಅವರು ಬಾಖ್‌ನ ಜಾಡಿನಲ್ಲೇ ಬರೆದರು, ಮೇಲೊಂದು ಕೆಳಗೊಂದು ದನಿ ನಡೆಯುತ್ತ. ಮರುವರ್ಷ ಟೋಕಿಯೊದ ಸನ್ಟೋರಿ ಹಾಲ್‌ನಲ್ಲಿ ಅದೇ ಸಂಗೀತವನ್ನು ನಿಜವಾದ ವಾದ್ಯಗಳಲ್ಲಿ ನುಡಿಸುವ ಕಛೇರಿ ಏರ್ಪಟ್ಟಿತು. ಆಟವಾಡಿ ಆ ರಾಗಗಳನ್ನು ಬಾಯಿಪಾಠ ಮಾಡಿಕೊಂಡಿದ್ದವರು ಆ ಸಭೆಯಲ್ಲಿ ಇದ್ದಿರಲೇಬೇಕು. ಟಿ.ವಿ.ಯ ಸಣ್ಣ ಸ್ಪೀಕರಿನಿಂದ ಬರುತ್ತಿದ್ದ ಎರಡು ತೆಳು ಗೆರೆಗಳನ್ನೇ ಅವರು ತಿಂಗಳುಗಟ್ಟಲೆ ಕೇಳಿದ್ದರು. ಈಗ ಪಿಟೀಲುಗಳು, ಚೆಲ್ಲೋಗಳು ಅದನ್ನೇ ಎತ್ತಿಕೊಂಡವು. ಅವರಿಗೆ ಅದು ಹೊಸದಾಗಿ ಕೇಳಿಸಿತೋ, ಅಥವಾ ಇಷ್ಟು ದಿನವೂ ಅವರ ಕಿವಿಯಲ್ಲಿ ನುಡಿಯುತ್ತಿದ್ದದ್ದು ಇದೇ ಪಿಟೀಲು, ಇದೇ ಚೆಲ್ಲೋಗಳೋ? ಎರಡನೆಯದೇ ಇರಬೇಕು ಎಂದು ನಾನು ನಂಬುತ್ತೇನೆ, ಒಂಟಿ ಪಿಟೀಲಿನಲ್ಲಿ ಇಬ್ಬರನ್ನು ಕೇಳಿಸಿಕೊಂಡ ದಿನದಿಂದ.